ನಾಲ್ವರು ಸುಮಲತಾ, ಮೂವರು ದರ್ಶನ್: ಹೆಸರಿನ ಗೊಂದಲ ಬಣ್ಣದ ಫೋಟೊಗೆ ಬಗ್ಗೀತೇ?

2025ರ ಸೆಪ್ಟೆಂಬರ್‌ನಲ್ಲಿ ಎರಡು ಸುದ್ದಿ ಬೆನ್ನುಬೆನ್ನಿಗೆ ಬಂದವು. ಇವಿಎಂ ಮೇಲಿನ ಮತಪತ್ರದಲ್ಲಿ ಇನ್ನು ಮುಂದೆ ಅಭ್ಯರ್ಥಿಗಳ ಬಣ್ಣದ ಫೋಟೊ ಇರುತ್ತದೆ, ಫೋಟೊದಲ್ಲಿ ಮುಖವೇ ಮುಕ್ಕಾಲು ಭಾಗ ತುಂಬಿರಬೇಕು, ಕ್ರಮಸಂಖ್ಯೆ ದಪ್ಪಕ್ಷರದಲ್ಲಿ 30ರ ಗಾತ್ರದಲ್ಲಿ ಇರಬೇಕು ಎಂದು ಭಾರತ ಚುನಾವಣಾ ಆಯೋಗ ಹೇಳಿತು. ಅದೇ ತಿಂಗಳು ಕರ್ನಾಟಕದ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಯಂತ್ರ ಬಿಟ್ಟು ಕಾಗದದ ಮತಪತ್ರದಲ್ಲಿ ನಡೆಸಲು ಶಿಫಾರಸು ಮಾಡುವ ತೀರ್ಮಾನ ತೆಗೆದುಕೊಂಡಿತು.

ಓದಿದವರಿಗೆ ಗೊಂದಲವಾಗಿದ್ದು ಸಹಜ. ಯಂತ್ರ ಹೋಗುತ್ತದೆ ಎನ್ನುವ ಹೊತ್ತಿಗೇ ಯಂತ್ರದ ಮತಪತ್ರಕ್ಕೆ ಬಣ್ಣ ಯಾಕೆ? ಚಿಹ್ನೆ ಇರುವಾಗ ಫೋಟೊ ಯಾಕೆ? ಇವೆರಡೂ ಬೇರೆ ಬೇರೆ ಆಯೋಗಗಳು ನಡೆಸುವ ಬೇರೆ ಬೇರೆ ಚುನಾವಣೆಗಳ ಮಾತು. ಆ ವಿಷಯಕ್ಕೆ ಆಮೇಲೆ ಬರೋಣ. ಫೋಟೊ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮಂಡ್ಯಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಮಂಡ್ಯ, 2019

ಆ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಕಣದಲ್ಲಿ 22 ಮಂದಿ ಉಳಿದರು. ಅವರಲ್ಲಿ ನಾಲ್ವರ ಹೆಸರು ಸುಮಲತಾ. ಒಬ್ಬರು ಎಲ್ಲರಿಗೂ ಗೊತ್ತಿದ್ದ ನಟಿ, ಅಂಬರೀಶ್ ಅವರ ಪತ್ನಿ. ಉಳಿದ ಮೂವರು ರಾಜಕೀಯದಲ್ಲಿ ಅದುವರೆಗೆ ಕೇಳಿರದ ಹೆಸರಿನವರು. ಹೆಸರನ್ನು ಮಾತ್ರ ಎಲ್ಲರೂ ಕೇಳಿದ್ದರು, ಅದೇ ತೊಡಕು.

ಇದು ಎದುರಾಳಿಗಳ ತಂತ್ರ ಎಂದು ಸುಮಲತಾ ಅಂಬರೀಶ್ ಪಾಳಯ ದೂರಿತು. ಆರೋಪ ಆರೋಪವಾಗಿಯೇ ಉಳಿಯಿತು. ಯಾರ ಉದ್ದೇಶ ಏನಿತ್ತು ಎನ್ನುವುದಕ್ಕಿಂತ ಮತಯಂತ್ರದ ಮೇಲೆ ಏನಾಯಿತು ಎನ್ನುವುದು ಈ ಲೇಖನಕ್ಕೆ ಮುಖ್ಯ.

ಮತಯಂತ್ರದಲ್ಲಿ ಗುಂಡಿಗಳಿರುವ ಪೆಟ್ಟಿಗೆಯೇ ಬ್ಯಾಲೆಟ್ ಯೂನಿಟ್; ಒಂದರಲ್ಲಿ 16 ಸಾಲು. 22 ಅಭ್ಯರ್ಥಿಗಳು ಮತ್ತು ನೋಟಾ ಸೇರಿದರೆ 23. ಹಾಗಾಗಿ ಮಂಡ್ಯದ ಪ್ರತಿ ಮತಗಟ್ಟೆಯಲ್ಲೂ ಎರಡೆರಡು ಯೂನಿಟ್ ಇಡಬೇಕಾಯಿತು. ಯಾರ ಹೆಸರು ಎಲ್ಲಿ ಬರಬೇಕು ಎನ್ನುವುದನ್ನು ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳಿಬಿಟ್ಟಿದೆ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷಗಳವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನ ಒಳಗೆ ಅಕ್ಷರಮಾಲೆಯ ಕ್ರಮ. ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಮೊದಲ ಗುಂಪಿನವರು. ಸುಮಲತಾ ಪಕ್ಷೇತರರು. ಅದರ ಮೇಲೆ ‘ಸ’ ಅಕ್ಷರ, ವರ್ಣಮಾಲೆಯ ಬಾಲದಲ್ಲಿರುವಂಥದ್ದು. ಹೀಗೆ ನಾಲ್ವರು ಸುಮಲತಾ ಎರಡನೇ ಯೂನಿಟ್‌ನಲ್ಲಿ ಹತ್ತಿರ ಹತ್ತಿರವೇ ಬಂದು ಕೂತರು. ಯಾರೂ ಬೇಕೆಂದು ಕೂರಿಸಿದ್ದಲ್ಲ, ನಿಯಮವೇ ಕೂರಿಸಿತು.

ಚಿಹ್ನೆಯಾದರೂ ಕೈಹಿಡಿಯಬೇಕಿತ್ತು. ಆದರೆ ಆ ಸಲ ಕಾಂಗ್ರೆಸ್ ಜೆಡಿಎಸ್ ಜೊತೆ ಮೈತ್ರಿಯಲ್ಲಿತ್ತು, ಬಿಜೆಪಿ ಅಭ್ಯರ್ಥಿ ಹಾಕದೆ ಸುಮಲತಾ ಅವರನ್ನು ಬೆಂಬಲಿಸಿತು. ಮತಪತ್ರದಲ್ಲಿ ಕೈಯೂ ಇಲ್ಲ, ಕಮಲವೂ ಇಲ್ಲ. ಅವರಿಗೆ ಸಿಕ್ಕಿದ್ದು ಕಹಳೆ ಊದುವ ರೈತ. ಪಕ್ಷೇತರರಿಗೆ ಚಿಹ್ನೆ ಹಂಚುವುದು ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆ. ಮಂಡ್ಯದಲ್ಲಿ ಆ ಗಡುವು ಮಾರ್ಚ್ 29, ಮತದಾನ ಏಪ್ರಿಲ್ 18. ಜೆಡಿಎಸ್ ಚಿಹ್ನೆಯಾದ ತೆನೆ ಹೊತ್ತ ಮಹಿಳೆಯನ್ನು ಮಂಡ್ಯದ ಜನ ವರ್ಷಗಟ್ಟಲೆಯಿಂದ ನೋಡಿದ್ದರು. ಕಹಳೆ ಊದುವ ರೈತನನ್ನು ಪರಿಚಯಿಸಲು ಇದ್ದದ್ದು ಮೂರು ವಾರಕ್ಕೂ ಕಡಿಮೆ. ಅದೂ ಮಳವಳ್ಳಿಯಿಂದ ಹಿಡಿದು ಮೈಸೂರು ಜಿಲ್ಲೆಯ ಕೆ.ಆರ್. ನಗರದವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ.

ಆದರೂ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು. ಉಳಿದ ಮೂವರ ಮತಗಳನ್ನೆಲ್ಲ ಕೂಡಿಸಿದರೂ ಆ ಅಂತರದ ಹತ್ತಿರ ಸುಳಿಯಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದರ್ಶನ್ ಮತ್ತು ಯಶ್ ಎಂಬ ‘ಜೋಡೆತ್ತು’ ಊರೂರು ಸುತ್ತಿ ಚಿಹ್ನೆಯನ್ನು ಸಾರಿದರು. ಮತಪತ್ರದಲ್ಲಿ ಫೋಟೊ ಇತ್ತು, ಆ ಮುಖ ತೆರೆಯ ಮೇಲೆ ದಶಕಗಳಿಂದ ಕಂಡದ್ದು. ಜಿಲ್ಲೆಗೆ ಜಿಲ್ಲೆಯೇ ಮಾತಾಡಿಕೊಂಡ ಚುನಾವಣೆ ಅದು. ಇಷ್ಟು ಬಲ ಇಲ್ಲದ ಪಕ್ಷೇತರ ಅಭ್ಯರ್ಥಿಗೆ ಹೀಗಾದರೆ ಏನು ಗತಿ ಎಂಬ ಪ್ರಶ್ನೆಗೆ ಮಂಡ್ಯದ ಫಲಿತಾಂಶದಲ್ಲಿ ಉತ್ತರ ಇಲ್ಲ.

ನಮ್ಮ ಸೀಮೆಯಲ್ಲಿ ಹೆಸರು ಹೆಚ್ಚು ಕೂಡುವುದೇಕೆ

ಮೈಸೂರು–ಮಂಡ್ಯದ ಮತದಾರರ ಪಟ್ಟಿ ತಿರುವಿದರೆ ದೇವರ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ನಂಜನಗೂಡಿನ ಕಡೆ ನಂಜುಂಡ, ನಂಜುಂಡಸ್ವಾಮಿ. ಮೇಲುಕೋಟೆ ಸುತ್ತ ಚೆಲುವ, ಚೆಲುವರಾಜು, ಚೆಲುವಮ್ಮ. ಮಾದಪ್ಪನ ಒಕ್ಕಲಿನವರಲ್ಲಿ ಮಾದೇವ, ಮಹದೇವಮ್ಮ, ಮಾದೇಗೌಡ. ಘನನೀಲಿ ಸಿದ್ದಪ್ಪಾಜಿಯ ನಡೆ ಇರುವಲ್ಲಿ ಸಿದ್ದರಾಜು, ಸಿದ್ದಯ್ಯ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇದಕ್ಕೆ ಸೇರಿ, ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತದೆ. ನಾಗಮಂಗಲದ ಶಾಸಕ ಚಲುವರಾಯಸ್ವಾಮಿ ಅವರ ಹೆಸರು ಮೇಲುಕೋಟೆಯ ಉತ್ಸವಮೂರ್ತಿಯ ಹೆಸರೇ. ವೈರಮುಡಿ ನಡೆಯುವುದು ಅದೇ ಹೆಸರಿನ ದೇವರಿಗೆ. ತೆರೆಯ ಮೇಲಿನ ಅಂಬರೀಶ್ ಹುಟ್ಟುಹೆಸರು ಅಮರನಾಥ್, ಪುರಾಣದ ಅಂಬರೀಷನೋ ದೂರ್ವಾಸರ ಕೋಪಕ್ಕೆ ಗುರಿಯಾದ ಏಕಾದಶಿ ವ್ರತದ ರಾಜ. ಇಟ್ಟುಕೊಂಡ ಹೆಸರಿಗೂ ಹೀಗೊಬ್ಬ ಹಳಬ ಇದ್ದೇ ಇರುತ್ತಾನೆ.

ಅರಮನೆಗೂ ಈ ಪಾಡು ತಪ್ಪಿದ್ದಲ್ಲ. ಮೈಸೂರು ಒಡೆಯರಲ್ಲಿ ಕೃಷ್ಣರಾಜ ನಾಲ್ವರು. ಜನ ಅವರನ್ನು ಮುಮ್ಮಡಿ, ನಾಲ್ವಡಿ ಎಂದು ಲೆಕ್ಕ ಹಾಕಿ ಬೇರ್ಪಡಿಸಿದರು. ಆದರೆ ಊರುಗಳಿಗೆ ಇಟ್ಟಾಗ ಆ ಲೆಕ್ಕ ಉದುರಿತು. ಇವತ್ತು ಮೈಸೂರು ನಗರದ ಕೃಷ್ಣರಾಜ, ಕಾವೇರಿ ದಡದ ಕೃಷ್ಣರಾಜನಗರ, ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ಮೂರೂ ವಿಧಾನಸಭಾ ಕ್ಷೇತ್ರಗಳೇ. ಚಾಮರಾಜರದೂ ಹಾಗೆಯೇ. ಚಾಮರಾಜನಗರಕ್ಕೆ ಹೆಸರು ಬಂದದ್ದು ಮುಮ್ಮಡಿಯವರ ತಂದೆಯಿಂದ; ಮೈಸೂರಿನ ಚಾಮರಾಜ ವೃತ್ತದಲ್ಲಿ ನಿಂತಿರುವುದು ನಾಲ್ವಡಿಯವರ ತಂದೆಯ ಪ್ರತಿಮೆ.

ಈಗಿನ ಕಾಲಕ್ಕೆ ಬಂದರೆ ಮೂವರು ದರ್ಶನ್ ಇದ್ದಾರೆ. ಮೈಸೂರಿನ ನಂಟಿನ ನಟ ದರ್ಶನ್ ಒಬ್ಬರು. 2023ರಲ್ಲಿ ಮೇಲುಕೋಟೆಯಿಂದ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಇನ್ನೊಬ್ಬರು. ಅದೇ ಚುನಾವಣೆಯಲ್ಲಿ ನಂಜನಗೂಡಿನಿಂದ ಗೆದ್ದ ದರ್ಶನ್ ಧ್ರುವನಾರಾಯಣ ಮತ್ತೊಬ್ಬರು. ಇಬ್ಬರು ಶಾಸಕರನ್ನೂ ಜನ ಗುರುತಿಸುವುದು ಅಪ್ಪನ ಹೆಸರಿನ ಬಲದಿಂದ. ರೈತ ಸಂಘದ ಪುಟ್ಟಣ್ಣಯ್ಯ, ಸಂಸದರಾಗಿದ್ದ ಧ್ರುವನಾರಾಯಣ ಇಬ್ಬರೂ ಮನೆಮಾತಾಗಿದ್ದವರು, ಆದ್ದರಿಂದ ಇದು ನಡೆಯಿತು. ಅಪ್ಪ ಹೆಸರುವಾಸಿ ಅಲ್ಲದವರ ಪಾಲಿಗೆ ಈ ದಾರಿ ಇಲ್ಲ.

ಉತ್ತರ ಭಾರತದಲ್ಲಿ ಮನೆತನದ ಹೆಸರು ಇನ್ನೊಂದು ಗುರುತಾಗಿ ನಿಲ್ಲುತ್ತದೆ. ಹಳೇ ಮೈಸೂರಿನಲ್ಲಿ ಹೆಸರೆಂದರೆ ಒಂದೇ ಹೆಸರು. ‘ಗೌಡ’ ಎಂಬುದನ್ನು ಸೇರಿಸಿದರೂ ಮಂಡ್ಯದಲ್ಲಿ ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಉಳಿದ ಗುರುತು ಇನಿಷಿಯಲ್‌ನಲ್ಲಿ ಅಡಗಿರುತ್ತದೆ: ಒಂದಕ್ಷರ ಊರು, ಒಂದಕ್ಷರ ಅಪ್ಪ. ಎಚ್.ಡಿ. ದೇವೇಗೌಡ ಎನ್ನುವಾಗ ‘ಡಿ’ ಎಂದರೆ ದೊಡ್ಡೇಗೌಡ, ಎಚ್.ಡಿ. ಕುಮಾರಸ್ವಾಮಿ ಎನ್ನುವಾಗ ಅದೇ ‘ಡಿ’ ದೇವೇಗೌಡ. ಗೊತ್ತಿದ್ದವರಿಗೆ ಅದರಲ್ಲಿ ಇಡೀ ವಂಶ ಕಾಣುತ್ತದೆ, ಗೊತ್ತಿಲ್ಲದವರಿಗೆ ಎರಡು ಇಂಗ್ಲಿಷ್ ಅಕ್ಷರ.

ಮತಪತ್ರ ಈ ಎರಡಕ್ಷರಕ್ಕೆ ಕೊಡುವ ಬೆಲೆ ಇನ್ನೂ ಕಡಿಮೆ. ಅಕ್ಷರಮಾಲೆಯ ಕ್ರಮ ಹಾಕುವಾಗ ಇನಿಷಿಯಲ್ ಲೆಕ್ಕಕ್ಕಿಲ್ಲ, ಮೂಲ ಹೆಸರಷ್ಟೇ ಲೆಕ್ಕ. ಹೆಸರು ಒಂದೇ ಆದಾಗ ಮಾತ್ರ ಅವರವರಲ್ಲಿ ಯಾರು ಮೊದಲು ಎಂದು ತೀರ್ಮಾನಿಸಲು ಇನಿಷಿಯಲ್ ನೋಡುತ್ತಾರೆ. ಅಂದರೆ ಒಂದೇ ಹೆಸರಿನವರು ಒಂದೇ ಗುಂಪಿನಲ್ಲಿದ್ದರೆ ಒತ್ತೊತ್ತಿಗೆ ಕೂರಲೇಬೇಕು. ಗೊಂದಲಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿಲ್ಲ.

ಏಟು ಬಿದ್ದ ಕಡೆ

ಅಂತರ ಸಣ್ಣದಾದಾಗ ಲೆಕ್ಕ ಬೇರೆಯಾಗುತ್ತದೆ. 2004ರಲ್ಲಿ ಕೇರಳದ ಆಲಪ್ಪುಳದಲ್ಲಿ ಕಾಂಗ್ರೆಸ್‌ನ ವಿ.ಎಂ. ಸುಧೀರನ್ 1,009 ಮತಗಳಿಂದ ಸೋತರು. ಅದೇ ಕಣದಲ್ಲಿದ್ದ ವಿ.ಎಸ್. ಸುಧೀರನ್ ಎಂಬ ಪಕ್ಷೇತರರಿಗೆ ಬಿದ್ದದ್ದು 8,282 ಮತ. ಆಗ ಮತಪತ್ರದಲ್ಲಿ ಫೋಟೊ ಇರಲಿಲ್ಲ.

ಫೋಟೊ ಬಂದದ್ದು 2015ರ ಮೇ 1ರಿಂದ, ಕಪ್ಪು-ಬಿಳುಪಿನಲ್ಲಿ. ಒಂದೇ ಹೆಸರಿನ ಅಭ್ಯರ್ಥಿಗಳಿಂದ ಆಗುವ ಗೊಂದಲ ತಪ್ಪಿಸುವುದೇ ಉದ್ದೇಶ ಎಂದು ಆಯೋಗ ಆಗಲೇ ಹೇಳಿತ್ತು. ಮರುವರ್ಷವೇ, 2016ರಲ್ಲಿ, ಗಡಿಯಾಚೆಯ ಮಂಜೇಶ್ವರದಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಕೇವಲ 89 ಮತಗಳಿಂದ ಸೋತರು. ಬಿಎಸ್‌ಪಿಯ ಕೆ. ಸುಂದರ ಅವರಿಗೆ 467 ಮತ ಬಿದ್ದಿತ್ತು. ಎರಡೂ ಮಾನ್ಯತೆ ಪಡೆದ ಪಕ್ಷಗಳು, ಹಾಗಾಗಿ ಒಂದೇ ಗುಂಪು. ‘ಸು’ ಎಂಬ ಒಂದೇ ಅಕ್ಷರ. ಆ 467 ಮತ ಬಿಎಸ್‌ಪಿಯ ಸ್ವಂತ ಮತವೇ ಆಗಿರಬಹುದು, ಅದನ್ನು ಅಲ್ಲಗಳೆಯಲು ಯಾರ ಬಳಿಯೂ ಪುರಾವೆ ಇಲ್ಲ. ಆದರೆ ಫೋಟೊ ಬಂದ ಮೇಲೆ ಈ ಅನುಮಾನ ಹುಟ್ಟುವುದೇ ಇಲ್ಲ ಎಂದುಕೊಂಡವರಿಗೆ ಮಂಜೇಶ್ವರ ಒಂದು ಎಚ್ಚರಿಕೆ.

ಛತ್ತೀಸ್‌ಗಢದ ಮಹಾಸಮುಂದ್‌ನಲ್ಲಿ 2014ರಲ್ಲಿ ಬಿಜೆಪಿಯ ಚಂದೂಲಾಲ್ ಸಾಹು ಎದುರು ಅದೇ ಅಥವಾ ಅದನ್ನೇ ಹೋಲುವ ಹೆಸರಿನ ಒಂದು ಹಿಂಡು ಪಕ್ಷೇತರರು ನಿಂತಿದ್ದರು. ಸಾಹು ಕಾಂಗ್ರೆಸ್‌ನ ಅಜಿತ್ ಜೋಗಿ ವಿರುದ್ಧ ಗೆದ್ದದ್ದು 1,217 ಮತಗಳಿಂದ, ಉಸಿರು ಬಿಗಿಹಿಡಿದು. 2024ರಲ್ಲಿ ತಮಿಳುನಾಡಿನ ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಪಕ್ಷೇತರರಾಗಿ ನಿಂತಾಗ ಇನಿಷಿಯಲ್ ಸಮೇತ ಅದೇ ಹೆಸರಿನ ಇನ್ನೂ ಹಲವರು ಕಣಕ್ಕಿಳಿದರು. ಮಾಜಿ ಮುಖ್ಯಮಂತ್ರಿ ಸೋತ ಅಂತರ ಒಂದೂವರೆ ಲಕ್ಷಕ್ಕೂ ಹೆಚ್ಚು, ಆದ್ದರಿಂದ ಸೋಲಿಗೆ ಇದೇ ಕಾರಣ ಎನ್ನಲಾಗದು. ಆದರೆ ಮಂಡ್ಯ, ರಾಮನಾಥಪುರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಎದ್ದು ಕಾಣುತ್ತದೆ: ಹೆಸರುವಾಸಿ ವ್ಯಕ್ತಿ ಪಕ್ಷದ ಚಿಹ್ನೆ ಇಲ್ಲದೆ ನಿಂತಾಗಲೇ ಈ ಹೂಟ ಜೋರಾಗುತ್ತದೆ.

ನಿಷೇಧಿಸಿ ಎನ್ನುವವರು, ಹೇಗೆ ನಿಷೇಧಿಸುತ್ತೀರಿ ಎನ್ನುವವರು

ಒಂದೇ ಹೆಸರಿನ ‘ಡಮ್ಮಿ’ಗಳನ್ನು ತಡೆಯಲು ಪರಿಣಾಮಕಾರಿ ವ್ಯವಸ್ಥೆ ಬೇಕು ಎಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಪೀಠ ಅದನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ತಂದೆತಾಯಿ ಇಟ್ಟ ಹೆಸರು ಒಬ್ಬರ ಸ್ಪರ್ಧಿಸುವ ಹಕ್ಕಿಗೆ ಅಡ್ಡ ಬರಬಹುದೇ ಎಂಬುದು ಪೀಠದ ಪ್ರಶ್ನೆಯ ತಿರುಳು.

ಅರ್ಜಿದಾರರ ಕಡೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮತದಾರ ಒಬ್ಬರಿಗೆಂದು ಒತ್ತಿದ ಮತ ಇನ್ನೊಬ್ಬರಿಗೆ ಹೋದರೆ ಅವನ ಆಯ್ಕೆಯ ಹಕ್ಕಿಗೇ ಪೆಟ್ಟು. ಠೇವಣಿ ಕೂಡ ದೊಡ್ಡ ತಡೆಯಲ್ಲ. ಲೋಕಸಭೆಗೆ 25,000 ರೂಪಾಯಿ, ವಿಧಾನಸಭೆಗೆ 10,000, ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಚಲಾಯಿತ ಸಿಂಧು ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಅದು ಜಪ್ತಿ. ಪಕ್ಷೇತರರಿಗೆ ಹತ್ತು ಸೂಚಕರ ಸಹಿ ಬೇಕು. ಒಂದು ದೊಡ್ಡ ಪಕ್ಷದ ಪ್ರಚಾರ ವೆಚ್ಚದ ಮುಂದೆ ಇದು ಪುಡಿಗಾಸು. ಸೋಲಲೆಂದೇ ನಿಲ್ಲುವವನಿಗೆ ಠೇವಣಿ ಜಪ್ತಿಯ ಅಂಜಿಕೆ ಎಲ್ಲಿಂದ ಬರಬೇಕು?

ಹಾಗೆಂದು ಠೇವಣಿ ಏರಿಸಿದರೆ ಪೆಟ್ಟು ಬೀಳುವುದು ಯಾರಿಗೆ? ಚಂದಾ ಎತ್ತಿ ನಿಲ್ಲುವ ರೈತ ಸಂಘದ ಕಾರ್ಯಕರ್ತನಿಗೆ, ನಿಜವಾಗಿ ಊರ ಸಮಸ್ಯೆ ಹೇಳಲೆಂದು ನಿಂತವನಿಗೆ. ಹೆಸರು ನೋಡಿ ನಾಮಪತ್ರ ತಿರಸ್ಕರಿಸುವ ಅಧಿಕಾರವನ್ನು ಚುನಾವಣಾಧಿಕಾರಿಗೆ ಕೊಟ್ಟರೂ ಗತಿ ಇದೇ. ಮಳವಳ್ಳಿ ತಾಲ್ಲೂಕಿನಲ್ಲಿ ಸಿದ್ದರಾಜು ಎಂಬ ಹೆಸರಿನವನೊಬ್ಬ ನಿಂತಾಗ ಅವನು ಅಸಲಿಯೋ ಡಮ್ಮಿಯೋ ಎಂದು ಅಧಿಕಾರಿ ಯಾವ ಅಳತೆಗೋಲಿನಿಂದ ಹೇಳಬೇಕು? ಮೊದಲು ನಾಮಪತ್ರ ಕೊಟ್ಟವನೇ ಅಸಲಿ ಎಂದರೆ ಡಮ್ಮಿ ಬೆಳಿಗ್ಗೆಯೇ ಬಂದು ಸರದಿಯಲ್ಲಿ ನಿಲ್ಲುತ್ತಾನೆ.

ಈ ಜಗಳದಲ್ಲಿ ಹೆಚ್ಚಿನವರು ಮರೆಯುವ ಒಂದು ಕಾನೂನು ಇದೆ. ಒಬ್ಬನನ್ನು ಕಣಕ್ಕೆ ಇಳಿಸಲು ಅಥವಾ ಕಣದಿಂದ ಹಿಂದೆ ಸರಿಸಲು ಅಭ್ಯರ್ಥಿಯಾಗಲಿ ಅವರ ಏಜೆಂಟ್ ಆಗಲಿ ಹಣವನ್ನೋ ಉಡುಗೊರೆಯನ್ನೋ ಕೊಡುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಲಂಚ, ಅಂದರೆ ಭ್ರಷ್ಟ ಆಚರಣೆ. ದುಡ್ಡು ಕೊಟ್ಟು ಡಮ್ಮಿ ನಿಲ್ಲಿಸುವುದು ಈಗಲೂ ಕಾನೂನುಬಾಹಿರವೇ. ಹೊಸ ಕಾನೂನು ಬೇಕಿಲ್ಲ, ಪುರಾವೆ ಬೇಕು. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು, ಹಣ ಕೈಬದಲಾಯಿಸಿದ್ದನ್ನು ಸಾಬೀತು ಮಾಡಬೇಕು. ಗೆದ್ದವರಿಗೆ ಅದರ ಗೊಡವೆ ಬೇಕಿಲ್ಲ. ಲಕ್ಷಗಟ್ಟಲೆ ಅಂತರದಲ್ಲಿ ಸೋತವರಿಗೆ ಲಾಭವಿಲ್ಲ. ಕೂದಲೆಳೆಯಲ್ಲಿ ಸೋತವರಿಗೆ ಮಾತ್ರ ಆಸಕ್ತಿ, ಅವರ ಕೈಯಲ್ಲಿ ಸಾಕ್ಷಿ ಇರುವುದು ಅಪರೂಪ. ಹೀಗಾಗಿ ಕಲಮು ಇದ್ದೂ ಇಲ್ಲದಂತಾಗಿದೆ.

ನಿಷೇಧದ ದಾರಿ ಮುಚ್ಚಿದೆ ಎಂದ ಮೇಲೆ ಉಳಿಯುವುದು ಮತಪತ್ರದ ವಿನ್ಯಾಸ. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ, ಏಕೆಂದರೆ ಹೆಸರು ಒಂದೇ ಆಗಿದ್ದರಷ್ಟೇ ಮತ ತಪ್ಪುವುದಿಲ್ಲ, ಹೆಸರು ಬಿಟ್ಟು ಬೇರೇನೂ ಎದ್ದು ಕಾಣದಿದ್ದಾಗ ತಪ್ಪುತ್ತದೆ.

ಬಣ್ಣದ ಫೋಟೊದ ಅಳತೆ

ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ನಿಂತವರ ಕಣ್ಣಿಗೆ ಬೀಳುವುದು ಇಷ್ಟು: ಒಂದು ಸಾಲಿನಲ್ಲಿ ಕ್ರಮಸಂಖ್ಯೆ, ಹೆಸರು, ಫೋಟೊ, ಚಿಹ್ನೆ, ತುದಿಯಲ್ಲಿ ನೀಲಿ ಗುಂಡಿ. ನಾಮಪತ್ರದ ಜೊತೆ ಕೊಡುವ ಫೋಟೊ ಅಂಚೆಚೀಟಿ ಗಾತ್ರದ್ದು, ಎರಡು ಸೆಂಟಿಮೀಟರ್ ಅಗಲ, ಎರಡೂವರೆ ಉದ್ದ. ಇಷ್ಟು ದಿನ ಆ ಚೌಕದಲ್ಲಿ ಎದೆಮಟ್ಟದ ಚಿತ್ರ ಕಪ್ಪು-ಬಿಳುಪಿನಲ್ಲಿ ಅಚ್ಚಾಗುತ್ತಿತ್ತು. ಬಿಳಿ ಅಂಗಿ, ಮೀಸೆ, ಹಣೆಯ ಮೇಲೆ ಕಪ್ಪಗೆ ಕಾಣುವ ಕುಂಕುಮ. ಪೊರೆ ಬಂದ ಕಣ್ಣಿಗೆ ಎಲ್ಲರೂ ಒಂದೇ. ಮುಖವನ್ನೇ ಮುಕ್ಕಾಲು ಭಾಗ ಮಾಡಿ ಬಣ್ಣ ತುಂಬಿದ್ದು ಇಲ್ಲಿ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ. 2025ರ ನವೆಂಬರ್‌ನ ಬಿಹಾರ ಚುನಾವಣೆಯಲ್ಲಿ ಇದು ಮೊದಲು ಜಾರಿಗೆ ಬಂತು.

ಮಿತಿಗಳೂ ಇವೆ. ಫೋಟೊ ನೆರವಾಗುವುದು ಅಭ್ಯರ್ಥಿಯ ಮುಖ ಮೊದಲೇ ಗೊತ್ತಿದ್ದವರಿಗೆ. ಮಂಡ್ಯದಲ್ಲಿ ಫೋಟೊ ಗೆದ್ದಿತು ಎನ್ನುವಾಗ ಅದು ಸಿನಿಮಾ ಮುಖ ಎಂಬುದನ್ನು ಮರೆಯಬಾರದು. ಹೆಸರನ್ನು ಕಿವಿಯಲ್ಲಿ ಕೇಳಿ, ಹತ್ತಿರದಿಂದ ಕಂಡಿರದ ಅಭ್ಯರ್ಥಿಗೆ ಒತ್ತಲು ಬಂದವರಿಗೆ ನಾಲ್ಕು ಬಣ್ಣದ ಮುಖಗಳೂ ಅಪರಿಚಿತವೇ. ಫೋಟೊ ಕೊಡದಿದ್ದರೆ ನಾಮಪತ್ರ ತಿರಸ್ಕೃತವಾಗುವುದೂ ಇಲ್ಲ. ಇನ್ನು ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣುತ್ತದಲ್ಲ, ಅದರಲ್ಲಿ ಇರುವುದು ಕ್ರಮಸಂಖ್ಯೆ, ಹೆಸರು, ಚಿಹ್ನೆ ಮಾತ್ರ. ಮುಖ ಇಲ್ಲ. ತಪ್ಪು ಸುಮಲತಾಗೆ ಒತ್ತಿದವರಿಗೆ ಗಾಜಿನ ಹಿಂದೆ ‘ಸುಮಲತಾ’ ಎಂದೇ ಕಾಣುತ್ತದೆ, ಚಿಹ್ನೆ ಬೇರೆ ಎಂದು ಹೊಳೆಯಬೇಕು ಅಷ್ಟೆ. ಹೊಳೆದರೂ ಮತ ವಾಪಸ್ ಬರುವುದಿಲ್ಲ.

1961ರ ಚುನಾವಣಾ ನಿಯಮಗಳು ಒಂದೇ ಹೆಸರಿನವರನ್ನು ವೃತ್ತಿ ಅಥವಾ ವಾಸಸ್ಥಳ ಸೇರಿಸಿ ಬೇರ್ಪಡಿಸಿ ಎನ್ನುತ್ತವೆ. ನಮ್ಮ ಹಳ್ಳಿಗಳು ಮಾಡುವುದೂ ಅದನ್ನೇ: ಹೊಸಮನೆ ಮಹದೇವ, ಮೇಗಲಕೇರಿ ಮಹದೇವ, ಮಿಲ್ ಮಹದೇವ. ಈ ಹಳೆಯ ನಿಯಮವನ್ನು ಮನಸ್ಸಿಟ್ಟು ಬಳಸಿದರೆ, ಊರಿನ ಹೆಸರನ್ನು ಇನಿಷಿಯಲ್‌ನಲ್ಲಿ ಮುದುರಿಸದೆ ಪೂರ್ತಿ ಬರೆದರೆ, ಬಣ್ಣದ ಫೋಟೊದಷ್ಟೇ ಕೆಲಸ ಆಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಹೆಸರಿನವರ ನಡುವೆ ಬೇರೆಯವರ ಸಾಲು ಬರುವಂತೆ ಕ್ರಮ ಬದಲಿಸಬಹುದು. ಆದರೆ ಅಕ್ಷರಮಾಲೆಯ ಕ್ರಮ ಕಾಯ್ದೆಯಲ್ಲೇ ಇರುವುದರಿಂದ ಅದಕ್ಕೆ ಸಂಸತ್ತು ಮನಸ್ಸು ಮಾಡಬೇಕು. ಈ ಗೊಂದಲದಿಂದ ಒಂದಲ್ಲ ಒಂದು ಸಲ ಲಾಭ ಪಡೆದ ಪಕ್ಷಗಳೇ ಅಲ್ಲಿ ಕೂತಿವೆ.

ಪಂಚಾಯಿತಿ ಚುನಾವಣೆಗೆ ಬಂದರೆ

ಬಣ್ಣದ ಫೋಟೊದ ಆದೇಶ ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಸಂಬಂಧಿಸಿದ್ದು. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ಸಂವಿಧಾನದಡಿ ಪ್ರತ್ಯೇಕ ಸಂಸ್ಥೆ. ಆದ್ದರಿಂದ ದೆಹಲಿಯ ಆದೇಶ ಇಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಆರಂಭದಲ್ಲಿ ಹೇಳಿದ ಎರಡು ಸುದ್ದಿಗಳ ಗೊಂದಲ ಇಲ್ಲಿಗೆ ಬಿಡಿಸಿಕೊಳ್ಳುತ್ತದೆ. ಆದರೆ ಇನ್ನೊಂದು ತೊಡಕು ಶುರುವಾಗುತ್ತದೆ: ವಿಧಾನಸಭೆಗೆ ಬಣ್ಣದ ಮುಖ ನೋಡಿ ಒತ್ತುವ ಮತದಾರ, ಪಂಚಾಯಿತಿಗೆ ಮುದ್ರೆ ಹಾಕುವಾಗಲೂ ಅದನ್ನೇ ಹುಡುಕುತ್ತಾನೆ.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲ, ಎಲ್ಲರಿಗೂ ಆಗಷ್ಟೇ ಹಂಚಿದ ಚಿಹ್ನೆ. ಇಬ್ಬರು ಮಹದೇವಮ್ಮ ನಿಂತರೂ ಊರವರಿಗೆ ಇಬ್ಬರ ಮನೆಯೂ ಗೊತ್ತು, ಹಾಗಾಗಿ ಬೇಕೆಂದೇ ಡಮ್ಮಿ ನಿಲ್ಲಿಸುವುದರಲ್ಲಿ ಲಾಭ ಕಡಿಮೆ. ಆದರೆ ಮುದ್ರೆ ಎಡವಿದರೆ ಬೀಳುವ ಪೆಟ್ಟು ದೊಡ್ಡದು, ಏಕೆಂದರೆ ಸೋಲು–ಗೆಲುವು ಬೆರಳೆಣಿಕೆಯ ಮತಗಳಲ್ಲಿ ಮುಗಿಯುತ್ತದೆ. ಜಿಲ್ಲಾ ಪಂಚಾಯಿತಿ ಕ್ಷೇತ್ರಗಳ ಕಷ್ಟ ಬೇರೆ. ಹತ್ತಾರು ಹಳ್ಳಿಗಳ ವ್ಯಾಪ್ತಿ, ಮುಖ ಪರಿಚಯ ಕಡಿಮೆ, ಹೆಸರುಗಳು ಮಾತ್ರ ಅವೇ ಸಿದ್ದರಾಜು, ಚೆಲುವರಾಜು. ಟಿಕೆಟ್ ಸಿಗದೆ ಬಂಡೆದ್ದು ಪಕ್ಷೇತರರಾಗಿ ನಿಲ್ಲುವವರು ಹೆಚ್ಚು ಇರುವುದೂ ಈ ಹಂತದಲ್ಲೇ. ಮಂಡ್ಯ 2019ರ ಆಟ ಸಣ್ಣ ಪ್ರಮಾಣದಲ್ಲಿ ಮರುಕಳಿಸುವುದಾದರೆ ಇಲ್ಲಿ ಮರುಕಳಿಸುತ್ತದೆ, ಜೋಡೆತ್ತುಗಳ ಪ್ರಚಾರ ಇಲ್ಲದೆ.

ಅಂಥ ಅಭ್ಯರ್ಥಿ ಕಾನೂನು ಬದಲಾಗಲಿ ಎಂದು ಕಾಯಬೇಕಿಲ್ಲ. ಜನ ತನ್ನನ್ನು ಕರೆಯುವ ಹೆಸರನ್ನು, ಊರನ್ನೂ ಸೇರಿಸಿ, ಮತಪತ್ರದಲ್ಲಿ ಹಾಕುವಂತೆ ಚುನಾವಣಾಧಿಕಾರಿಗೆ ಲಿಖಿತವಾಗಿ ಕೇಳಬಹುದು. ಕೇಳುವುದಿದ್ದರೆ ಕಣದ ಅಂತಿಮ ಪಟ್ಟಿ ಸಿದ್ಧವಾಗುವ ಮುನ್ನ ಕೇಳಬೇಕು. ನಾಮಪತ್ರ ವಾಪಸಾತಿ ಮುಗಿದ ದಿನವೇ ಚಿಹ್ನೆ ಹಂಚಿ ಪಟ್ಟಿ ಹೊರಡುತ್ತದೆ, ಅಲ್ಲಿಂದ ಅದು ಸೀದಾ ಮುದ್ರಣಕ್ಕೆ.